ಮಂಡಿಯ ಹಳೇ ಪ್ರೋಗ್ರಾಮನ್ನು ಉಳಿಸಿಕೊಂಡೇ ವೆಬ್ ಸರ್ವಿಸ್ ಕಟ್ಟುವುದು

ದಾವಣಗೆರೆಯ ಮಂಡಿಪೇಟೆಯಲ್ಲಿ, ಎಪಿಎಂಸಿ ಯಾರ್ಡಿನ ದಲ್ಲಾಲಿ ಅಂಗಡಿಗಳಲ್ಲಿ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ವಿಷುಯಲ್ ಬೇಸಿಕ್ 6ರಲ್ಲೋ ಫಾಕ್ಸ್‌ಪ್ರೊದಲ್ಲೋ ಬರೆದ ಲೆಕ್ಕದ ಪ್ರೋಗ್ರಾಮುಗಳು ಇವತ್ತಿಗೂ ಸಿಗುತ್ತವೆ. ವಿಬಿ6 ಬಂದದ್ದು 1998ರಲ್ಲಿ. ಅದರಲ್ಲಿ ಪ್ರೋಗ್ರಾಮ್ ಬರೆಯುವ ಸಾಧನಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2008ರ ಏಪ್ರಿಲ್‌ನಲ್ಲಿ ನಿಂತಿತು, ವಿಷುಯಲ್ ಫಾಕ್ಸ್‌ಪ್ರೊ 9ರದ್ದು 2015ರ ಜನವರಿಯಲ್ಲಿ. ಆದರೂ ವಿಬಿ6ರ ರನ್‌ಟೈಮ್ (ಪ್ರೋಗ್ರಾಮ್ ಓಡಲು ಬೇಕಾದ ಫೈಲುಗಳು) ಈಗಲೂ ವಿಂಡೋಸ್ ಜೊತೆಗೇ ಬರುತ್ತದೆ, ಹಾಗಾಗಿ ಪ್ರೋಗ್ರಾಮ್ ತನ್ನ ಪಾಡಿಗೆ ತಾನು ಓಡುತ್ತಲೇ ಇರುತ್ತದೆ. ಬದಲಾದದ್ದು ಸುತ್ತಲಿನ ವ್ಯವಹಾರ. ರೈತರ ಪಟ್ಟಿ, ಅಂದರೆ ಅವರ ಮಾಲು ಮಾರಿದ ಲೆಕ್ಕದ ಬಿಲ್ಲು, ಅವರ ಮೊಬೈಲಿಗೆ ಹೋಗಬೇಕು, ಲಾರಿ ತೂಗುವ ವೇಬ್ರಿಜ್‌ನ ತೂಕ ನೇರ ಬಿಲ್ಲಿಗೆ ಬರಬೇಕು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ದಾಟಿದ ವ್ಯಾಪಾರಿಗಳಿಗೂ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಇದ್ಯಾವುದೂ ಆ ಹಳೇ ಪ್ರೋಗ್ರಾಮಿಗೆ ಗೊತ್ತಿಲ್ಲ.

ಇಂಥ ಕಡೆ ಮೊದಲು ಬರುವ ಸಲಹೆ "ಎಲ್ಲಾ ಹೊಸದಾಗಿ ಬರೆಸಿಬಿಡಿ" ಅಂತ. ಅದನ್ನು ಒಪ್ಪುವ ಮುಂಚೆ ಒಂದು ಲೆಕ್ಕ ನೋಡಿ. ಹಮಾಲಿ ಚೀಲಕ್ಕೆ 7 ರೂಪಾಯಿ 50 ಪೈಸೆ, ಚೀಲ 83 ಅಂತ ಇಟ್ಟುಕೊಳ್ಳೋಣ. ಮೊತ್ತ 622.50. ಇದನ್ನು ರೂಪಾಯಿಗೆ ಸರಿ ಮಾಡಿದರೆ ಎಷ್ಟು? ಫಾಕ್ಸ್‌ಪ್ರೊದ ರೌಂಡ್ 623 ಅನ್ನುತ್ತದೆ. ವಿಬಿ6ರ ರೌಂಡ್ 622 ಅನ್ನುತ್ತದೆ, ಯಾಕೆಂದರೆ ಸರಿಯಾಗಿ ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಇಳಿಯುತ್ತದೆ ಇಲ್ಲವೇ ಏರುತ್ತದೆ. ಪೈಥಾನ್ ವಿಬಿ6ರ ದಾರಿ ಹಿಡಿಯುತ್ತದೆ, ಜಾವಾಸ್ಕ್ರಿಪ್ಟ್ ಫಾಕ್ಸ್‌ಪ್ರೊದ ದಾರಿ. 81 ಚೀಲ ಇದ್ದಿದ್ದರೆ 607.50 ಬರುತ್ತಿತ್ತು, ಆಗ ನಾಲ್ಕೂ ಭಾಷೆಗಳಲ್ಲಿ ಉತ್ತರ 608. ಅಂದರೆ ವ್ಯತ್ಯಾಸ ಕೆಲವು ಪಟ್ಟಿಗಳಲ್ಲಿ ಮಾತ್ರ, ಅದೂ ಒಂದೇ ರೂಪಾಯಿ. ಪರೀಕ್ಷೆಗೆ ಹತ್ತು ಪಟ್ಟಿ ಹಾಕಿ ನೋಡಿದಾಗ ಒಂದೂ ಸಿಗದೆ, ವರ್ಷದ ಕೊನೆಗೆ ಖಾತೆ ತಾಳೆಯಾಗದೆ ಕೂರುತ್ತದೆ. ತೂಕದಲ್ಲಿ ಕಳೆಯುವುದೆಷ್ಟು, ಯಾವ ಖರ್ಚನ್ನು ಯಾವುದಕ್ಕಿಂತ ಮೊದಲು ಹಿಡಿಯಬೇಕು, ಹಿಂದಿನ ಬಾಕಿಯನ್ನು ಎಲ್ಲಿ ಮುರಿದುಕೊಳ್ಳಬೇಕು ಅನ್ನುವಂಥ ಅಂಗಡಿಯ ಕಟ್ಟುಪಾಡುಗಳು ಬೇರೆಲ್ಲೂ ಬರೆದಿಟ್ಟಿರುವುದಿಲ್ಲ. ಅವು ಇರುವುದು ಆ ಪ್ರೋಗ್ರಾಮಿನೊಳಗೆ, ಮತ್ತೆ ಅದನ್ನು ದಿನಾ ಬಳಸುವ ಗುಮಾಸ್ತರ ಬೆರಳಲ್ಲಿ. ಹೊಸದು ಬರೆಸುವ ದಿನ ಬಂದಾಗ ಬರೆಸಿ. ಅಲ್ಲಿಯವರೆಗೆ ಲೆಕ್ಕ ಹಾಕುವ ಕೆಲಸ ಹಳೆಯದರ ಹತ್ತಿರವೇ ಇರಲಿ, ಹೊರಗಿನ ಪ್ರೋಗ್ರಾಮುಗಳು ಅದನ್ನು ನೆಟ್‌ವರ್ಕ್ ಮೂಲಕ ಕೇಳುವ ದಾರಿ, ಅಂದರೆ ಒಂದು ವೆಬ್ ಸರ್ವಿಸ್, ಮಾತ್ರ ಹೊಸದಾಗಿ ಮಾಡಿಕೊಳ್ಳೋಣ ಅನ್ನುವುದು ನನ್ನ ನಿಲುವು.

ಮೊದಲು ಮಾಡಬೇಕಾದ್ದು ಒಂದು ಫೋನ್. ಬಾಪೂಜಿ, ಯುಬಿಡಿಟಿಯಂಥ ಇಂಜಿನಿಯರಿಂಗ್ ಕಾಲೇಜುಗಳಿರುವ ಊರಿದು. ಪ್ರೋಗ್ರಾಮ್ ಬರೆದುಕೊಟ್ಟವರು ಇಲ್ಲೇ ಸಿಗಬಹುದು, ಅವರ ಹತ್ತಿರ ಸೋರ್ಸ್ (ಪ್ರೋಗ್ರಾಮಿನ ಮೂಲ ಬರಹ) ಇದ್ದರೆ ಮುಕ್ಕಾಲು ಕಷ್ಟ ಅಲ್ಲಿಗೇ ಮುಗಿಯುತ್ತದೆ. ಸಿಗದಿದ್ದರೂ ಲೈಸೆನ್ಸ್ ಕರಾರಿನಲ್ಲಿ ಏನಿದೆ ಅಂತ ನೋಡಿಯೇ ಮುಂದುವರಿಯಿರಿ.

ಆಮೇಲೆ ಪ್ರೋಗ್ರಾಮಿಗೆ ಈಗಾಗಲೇ ಯಾವುದಾದರೂ ದಾರಿ ಇದೆಯೇ ಅಂತ ಹುಡುಕಬೇಕು. ಟ್ಯಾಲಿ ಬಳಸುವವರಲ್ಲಿ ಎಷ್ಟೋ ಜನ ಪರದೆಯ ಮೇಲೆ ಕೀ ಒತ್ತಿಸುವ ಸ್ಕ್ರಿಪ್ಟ್ ಬರೆಯಲು ಹೊರಡುತ್ತಾರೆ. ಅದರ ಅಗತ್ಯವೇ ಇಲ್ಲ. ಟ್ಯಾಲಿ ತಾನೇ ಎಚ್‌ಟಿಟಿಪಿ ಮೂಲಕ ಎಕ್ಸ್‌ಎಂಎಲ್ ತೆಗೆದುಕೊಂಡು ಉತ್ತರ ಕೊಡುತ್ತದೆ, ಅದರ ಮಾಮೂಲಿ ಪೋರ್ಟ್ 9000. ಟ್ಯಾಲಿ ತೆರೆದಿರಬೇಕು, ಅದರ ಸೆಟ್ಟಿಂಗಿನಲ್ಲಿ ಸರ್ವರ್ ಆಗಿ ಕೆಲಸ ಮಾಡುವ ಆಯ್ಕೆ ಚಾಲೂ ಇರಬೇಕು, ಕಂಪನಿ ಲೋಡ್ ಆಗಿರಬೇಕು, ಅಷ್ಟೇ.

ಹಾಗೇನೂ ಇಲ್ಲದಿದ್ದರೆ ಡೇಟಾ ಫೈಲು. ಓದುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಫಾಕ್ಸ್‌ಪ್ರೊದ ಡಿಬಿಎಫ್ ಫೈಲಿನ ರಚನೆ ತುಂಬಾ ಸರಳ. ತಲೆಭಾಗದಲ್ಲಿ ದಾಖಲೆಗಳ ಸಂಖ್ಯೆ ಮತ್ತು ಉದ್ದ, ಆಮೇಲೆ ಒಂದೊಂದು ಕಾಲಮ್ಮಿಗೆ 32 ಬೈಟಿನ ವಿವರಣೆ, ಆಮೇಲೆ ಸಮ ಉದ್ದದ ದಾಖಲೆಗಳ ಸಾಲು. ಪ್ರತಿ ದಾಖಲೆಯ ಮೊದಲ ಬೈಟಿನಲ್ಲಿ ನಕ್ಷತ್ರದ ಗುರುತಿದ್ದರೆ ಅದು ಅಳಿಸಿದ ದಾಖಲೆ, ಖಾಲಿ ಜಾಗ ಇದ್ದರೆ ಜೀವಂತ ದಾಖಲೆ. ಇದನ್ನು ನೋಡದೆ ಮೊತ್ತ ಕೂಡಿಸಿದರೆ ರದ್ದಾದ ಪಟ್ಟಿಗಳೂ ಸೇರಿ ಲೆಕ್ಕ ಉಬ್ಬುತ್ತದೆ. ಪೈಥಾನಿನ ಡಿಬಿಎಫ್‌ರೀಡ್‌ನಂಥ ಲೈಬ್ರರಿಗಳು ಇದನ್ನು ತಾವೇ ನೋಡಿಕೊಳ್ಳುತ್ತವೆ. ವಿಬಿ6 ಪ್ರೋಗ್ರಾಮಾದರೆ ಸಾಮಾನ್ಯವಾಗಿ ಎಂಡಿಬಿ ಫೈಲ್ ಇರುತ್ತದೆ. ಅದನ್ನು ಮೈಕ್ರೋಸಾಫ್ಟಿನ ಹಳೇ ಡ್ರೈವರ್ ಜೆಟ್ 4.0 ಮೂಲಕ ಓದುವುದಾದರೆ ನಿಮ್ಮ ಪ್ರೋಗ್ರಾಮೂ 32-ಬಿಟ್‌ನದ್ದೇ ಆಗಿರಬೇಕು, 64-ಬಿಟ್ ಪ್ರಕ್ರಿಯೆಗೆ ಆ ಡ್ರೈವರ್ ಲೋಡ್ ಆಗುವುದಿಲ್ಲ. ಫಾಕ್ಸ್‌ಪ್ರೊದ ಓಎಲ್ಇಡಿಬಿ ಡ್ರೈವರಿಗೂ ಇದೇ ಮಾತು.

ಓದಲು ಹೋದಾಗ "ಫೈಲ್ ಬಳಕೆಯಲ್ಲಿದೆ" ಅಂತ ಬಂದರೆ ಪ್ರೋಗ್ರಾಮ್ ಅದನ್ನು ಎಕ್ಸ್‌ಕ್ಲೂಸಿವ್ ಆಗಿ, ಅಂದರೆ ಬೇರೆ ಯಾರೂ ಮುಟ್ಟದ ಹಾಗೆ, ತೆರೆದಿದೆ ಅಂತ ಅರ್ಥ. ಒಬ್ಬರೇ ಬಳಸಲೆಂದು ಬರೆದ ಫಾಕ್ಸ್‌ಪ್ರೊ ಪ್ರೋಗ್ರಾಮುಗಳು ಹೀಗೆ ಮಾಡುವುದು ಜಾಸ್ತಿ, ಯಾಕೆಂದರೆ ಅಲ್ಲಿನ ಮಾಮೂಲಿ ಸೆಟ್ಟಿಂಗೇ ಅದು. ಆಗ ವಿಂಡೋಸಿನ ಶ್ಯಾಡೋ ಕಾಪಿ (ಬಳಕೆಯಲ್ಲಿರುವ ಫೈಲಿನದ್ದೂ ಆ ಕ್ಷಣದ ನಕಲು) ತೆಗೆದು ಆ ನಕಲನ್ನು ಓದಬಹುದು.

ಬರೆಯುವುದಕ್ಕೆ ಮಾತ್ರ ಈ ದಾರಿ ಬೇಡ. ಡಿಬಿಎಫ್‌ಗೆ ಫಾಕ್ಸ್‌ಪ್ರೊದ ಡ್ರೈವರ್ ಇಲ್ಲದೆ ಹೊರಗಿನಿಂದ ಒಂದು ಸಾಲು ಸೇರಿಸಿದರೆ, ದಾಖಲೆ ಬೇಗ ಹುಡುಕಲೆಂದು ಪಕ್ಕದಲ್ಲಿಟ್ಟಿರುವ ಸಿಡಿಎಕ್ಸ್ ಇಂಡೆಕ್ಸ್ ಫೈಲಿಗೆ ಅದು ಗೊತ್ತಾಗುವುದಿಲ್ಲ. ಪ್ರೋಗ್ರಾಮಿನಲ್ಲಿ ಹುಡುಕಿದರೆ ಆ ಪಟ್ಟಿ ಸಿಗದು, ವರದಿಯಲ್ಲಿ ಮಾತ್ರ ಬರುತ್ತದೆ. ಜೊತೆಗೆ ಒಂದು ಪಟ್ಟಿ ಉಳಿಸುವಾಗ ಪ್ರೋಗ್ರಾಮ್ ಖಾತೆ, ದಾಸ್ತಾನು, ಕ್ರಮಸಂಖ್ಯೆ ಅಂತ ನಾಲ್ಕೈದು ಟೇಬಲ್ಲುಗಳನ್ನು ಮುಟ್ಟುತ್ತಿರುತ್ತದೆ. ಅವೆಲ್ಲ ಯಾವುವು ಅಂತ ಹೊರಗಿನಿಂದ ಊಹಿಸಿ ಬರೆಯುವುದು ಇನ್ನೊಬ್ಬರ ಹಣದ ಜೊತೆ ಆಡುವ ಆಟ.

ಮೂರನೆಯ ದಾರಿಯನ್ನು ಬಹಳ ಜನ ಮರೆಯುತ್ತಾರೆ: ಪ್ರಿಂಟರ್. ಡಾಟ್ ಮ್ಯಾಟ್ರಿಕ್ಸ್‌ಗೆ ನೇರವಾಗಿ ಅಕ್ಷರ ಕಳಿಸುವ ಪ್ರೋಗ್ರಾಮಾದರೆ ಪಟ್ಟಿಯ ಪೂರ್ತಿ ಪಠ್ಯ, ಲೆಕ್ಕ ಮುಗಿದ ಮೊತ್ತದ ಸಮೇತ, ಪ್ರಿಂಟರಿಗೆ ಹೋಗುತ್ತಿರುತ್ತದೆ. ವಿಂಡೋಸಿನಲ್ಲಿ ಜೆನೆರಿಕ್ ಟೆಕ್ಸ್ಟ್ ಪ್ರಿಂಟರ್ ಒಂದನ್ನು ಸೇರಿಸಿ, ಹೊಸ ಲೋಕಲ್ ಪೋರ್ಟ್ ಮಾಡಿ, ಪೋರ್ಟಿನ ಹೆಸರಿಗೆ ಫೈಲಿನ ಪೂರ್ತಿ ವಿಳಾಸ ಕೊಟ್ಟರೆ ಪ್ರಿಂಟ್ ಕೊಟ್ಟಾಗಲೆಲ್ಲ ಅದು ಆ ಫೈಲಿಗೆ ಬೀಳುತ್ತದೆ. ಪ್ರತಿ ಸಲ ಹಳೆಯದರ ಮೇಲೇ ಬರೆಯುತ್ತದೆ, ಆದ್ದರಿಂದ ಮುಂದಿನ ಪ್ರಿಂಟಿಗೆ ಮುಂಚೆ ಅದನ್ನು ಬೇರೆ ಕಡೆ ಸಾಗಿಸಬೇಕು. ಒಳಗೆ 15 ಅನ್ನುವ ಬೈಟ್ ಬಂದರೆ ಅಕ್ಷರ ಕಿರಿದು ಮಾಡು ಎಂದರ್ಥ, 12 ಬಂದರೆ ಪುಟ ಮುಗಿಯಿತು, 27 ಬಂದರೆ ಮುಂದಿನ ಒಂದೆರಡು ಬೈಟು ಪ್ರಿಂಟರಿನ ಆಜ್ಞೆ. ಅವನ್ನು ತೆಗೆದರೆ ಉಳಿಯುವುದು 80 ಅಥವಾ 136 ಕಾಲಮ್ಮಿನ ಅಚ್ಚುಕಟ್ಟಾದ ಪಠ್ಯ. ಮೊತ್ತ ಯಾವ ಕಾಲಮ್ಮಿನಿಂದ ಯಾವ ಕಾಲಮ್ಮಿನವರೆಗೆ ಅಂತ ಗುರುತು ಮಾಡಿಕೊಂಡರೆ ಸಾಕು. ಆ ನಮೂನೆ ಎಷ್ಟೋ ವರ್ಷದಿಂದ ಬದಲಾಗಿಲ್ಲ, ಅದನ್ನು ನಂಬಬಹುದು.

ಇಷ್ಟೆಲ್ಲ ಆದಮೇಲೆ, ಹೊಸ ಪಟ್ಟಿ ಹಾಕುವುದಕ್ಕೆ ಮಾತ್ರ, ಪರದೆಗೆ ಬನ್ನಿ.

ಪರದೆ ನಡೆಸಲು ಪೈವಿನ್‌ಆಟೊ, ಆಟೊಇಟ್, ಫ್ಲಾಯುಐ ಇವೆ. ಯಾವುದಾದರೂ ಆದೀತು. ಮುಖ್ಯವಾದದ್ದು ಹಳೇ ಪ್ರೋಗ್ರಾಮ್ ತನ್ನ ಪರದೆಯನ್ನು ಹೇಗೆ ಕಟ್ಟಿದೆ ಅನ್ನುವುದು. ವಿಬಿ6ರಲ್ಲಿ ಬರೆಯುವ ಡಬ್ಬಿಗಳೂ ಬಟನ್ನುಗಳೂ ಬೇರೆ ಬೇರೆ ಕಿಟಕಿಗಳೇ, ತಂಡರ್‌ಆರ್‌ಟಿ6ಟೆಕ್ಸ್ಟ್‌ಬಾಕ್ಸ್ ಅನ್ನುವಂಥ ಕ್ಲಾಸ್ ಹೆಸರಿನಲ್ಲಿ ಸಿಗುತ್ತವೆ. ಆದರೆ ಲೇಬಲ್‌ಗೆ ತನ್ನದೇ ಕಿಟಕಿ ಇಲ್ಲ. "ಒಟ್ಟು ಮೊತ್ತ" ಲೇಬಲ್ಲಿನಲ್ಲಿ ತೋರುತ್ತಿದ್ದರೆ ಅದನ್ನು ಹಿಡಿದು ಓದಲು ಆಗದು. ಫ್ಲೆಕ್ಸ್‌ಗ್ರಿಡ್ಡಿನ ಮನೆಗಳೂ ಹಾಗೇ, ಗ್ರಿಡ್ ಅವನ್ನು ತಾನೇ ಚಿತ್ರ ಬರೆದಂತೆ ಬರೆಯುತ್ತದೆ. ಫಾಕ್ಸ್‌ಪ್ರೊ ಇನ್ನೂ ಒಂದು ಹೆಜ್ಜೆ ಮುಂದೆ: ಇಡೀ ಫಾರ್ಮಿಗೆ ಒಂದೇ ಕಿಟಕಿ, ಒಳಗಿನ ಡಬ್ಬಿಗಳು ಹೊರಗಿನವರಿಗೆ ಕಾಣುವುದೇ ಇಲ್ಲ. ಅದಕ್ಕೇ ಉತ್ತರವನ್ನು ಪರದೆಯಿಂದ ಓದುವ ಆಸೆ ಬಿಟ್ಟು ಡಿಬಿಎಫ್‌ನಿಂದಲೋ ಪ್ರಿಂಟಿನಿಂದಲೋ ಓದಬೇಕು. ಪರದೆಗೆ ಕೊಡುವುದು ಮಾತ್ರ, ಅಲ್ಲಿಂದ ತೆಗೆದುಕೊಳ್ಳುವುದು ಬೇಡ.

ಕೊಡುವಾಗಲೂ ಕೀಬೋರ್ಡೇ ವಾಸಿ. ಡಬ್ಬಿಯೊಳಗೆ ಮೆಸೇಜ್ ಕಳಿಸಿ ಪಠ್ಯ ತುಂಬುವ ವಿಧಾನ ವೇಗದ್ದು, ಆದರೆ ವಿಬಿ6ರಲ್ಲಿ ಹಾಗೆ ತುಂಬಿದಾಗ ಕೀ ಒತ್ತಿದ ಘಟನೆ ಹುಟ್ಟುವುದಿಲ್ಲ, ಡಬ್ಬಿ ಬಿಟ್ಟು ಹೊರಬಂದ ಘಟನೆಯೂ ಹುಟ್ಟುವುದಿಲ್ಲ. ದರ ಗುಣಿಸುವ ಲೆಕ್ಕ ಇರುವುದು ಸಾಮಾನ್ಯವಾಗಿ ಅಲ್ಲೇ. ಪರದೆಯಲ್ಲಿ ತೂಕ ಹೊಸದು, ಮೊತ್ತ ಹಳೆಯದು, ಸೇವ್ ಒತ್ತಿದರೆ ಹಾಗೇ ಉಳಿದುಹೋಗುತ್ತದೆ. ಈ ಪ್ರೋಗ್ರಾಮುಗಳು ಮೌಸ್ ಮುಟ್ಟದೆ ಬಳಸುವುದಕ್ಕೇ ಬರೆದಂಥವು. ಗುಮಾಸ್ತರ ಪಕ್ಕ ಕೂತು ಅವರ ಕೀಗಳ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. "ಇಲ್ಲಿ ಎರಡು ಸಲ ಎಂಟರ್ ಹೊಡೀಬೇಕು ಸರ್, ಮೊದಲನೇದು ಬಾಕಿ ತೋರಿಸ್ತದೆ" ಅನ್ನುವಂಥ ಮಾತು ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ರೈತರ ಬಾಕಿ ಇದ್ದರೆ ಒಂದು ಸಂದೇಶ, ತಾರೀಖು ಹಿಂದಿನದಾದರೆ ಇನ್ನೊಂದು, ತಿಂಗಳ ಮೊದಲ ದಿನ "ಬ್ಯಾಕಪ್ ತೆಗೆಯಬೇಕೇ" ಅಂತ ಮತ್ತೊಂದು. ವಿಂಡೋಸಿನ ಮಾಮೂಲಿ ಸಂದೇಶ ಪೆಟ್ಟಿಗೆಗಳ ಕ್ಲಾಸ್ ಹೆಸರು #32770. ಅದನ್ನು ಕಾಯುವ ಒಂದು ಕಾವಲು ಪ್ರತ್ಯೇಕವಾಗಿ ಓಡುತ್ತಿರಲಿ. ಗೊತ್ತಿರುವ ಸಂದೇಶಕ್ಕೆ ಗೊತ್ತಿರುವ ಉತ್ತರ. ಗೊತ್ತಿಲ್ಲದ್ದು ಬಂದರೆ ಪರದೆಯ ಚಿತ್ರ ತೆಗೆದು, ಕೆಲಸ ನಿಲ್ಲಿಸಿ, ಅಂಗಡಿಯವರಿಗೆ ತಿಳಿಸಬೇಕು. ಗೊತ್ತಿಲ್ಲದ ಪೆಟ್ಟಿಗೆಗೆ ಎಂಟರ್ ಒತ್ತಿಸುವ ಸ್ಕ್ರಿಪ್ಟನ್ನು ಯಾರ ಅಂಗಡಿಯಲ್ಲೂ ಹಾಕಬೇಡಿ.

ಈಗ ಎಲ್ಲರೂ ಎಡವುವ ಜಾಗ. ಸ್ಕ್ರಿಪ್ಟ್ ಮೇಜಿನ ಮೇಲೆ ಚೆನ್ನಾಗಿ ಓಡಿತು, ಅದನ್ನು ವಿಂಡೋಸ್ ಸರ್ವಿಸ್ (ಯಾರೂ ಲಾಗಿನ್ ಆಗದಿದ್ದರೂ ತೆರೆಮರೆಯಲ್ಲಿ ಓಡುವ ಪ್ರೋಗ್ರಾಮ್) ಮಾಡಿದ ಕೂಡಲೇ ಕಿಟಕಿಯೇ ಸಿಗುತ್ತಿಲ್ಲ. ವಿಸ್ಟಾ ಬಂದಾಗಿನಿಂದ ಸರ್ವಿಸ್‌ಗಳೆಲ್ಲ ಸೆಷನ್ 0 ಅನ್ನುವ ಪ್ರತ್ಯೇಕ ಜಾಗದಲ್ಲಿ ಓಡುತ್ತವೆ, ಅಲ್ಲಿಂದ ಬಳಕೆದಾರರ ಪರದೆ ಕಾಣುವುದಿಲ್ಲ. ಹಾಗಾಗಿ ಕೆಲಸವನ್ನು ಎರಡು ಭಾಗ ಮಾಡಬೇಕು. ಹೊರಗಿನ ಕೋರಿಕೆ ತೆಗೆದುಕೊಳ್ಳುವ ಭಾಗ ಸರ್ವಿಸ್ ಆಗಿ ಇರಲಿ. ಕೀ ಒತ್ತುವ ವರ್ಕರ್ ಮಾತ್ರ ಟಾಸ್ಕ್ ಶೆಡ್ಯೂಲರ್ ಮೂಲಕ, ಬಳಕೆದಾರ ಲಾಗಿನ್ ಆದಾಗ ಅದೇ ಸೆಷನ್ನಿನಲ್ಲಿ ಶುರುವಾಗಲಿ. ಕಂಪ್ಯೂಟರ್ ತಾನೇ ಲಾಗಿನ್ ಆಗಲು ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿನ ಆಟೊಲಾಗಾನ್ ಬಳಸಿ, ಅದು ಪಾಸ್‌ವರ್ಡನ್ನು ಗುಪ್ತಲಿಪಿಯಲ್ಲಿ ಇಡುತ್ತದೆ. ಪರದೆ ಲಾಕ್ ಆಗುವುದು, ನಿದ್ದೆಗೆ ಹೋಗುವುದು ಎರಡನ್ನೂ ನಿಲ್ಲಿಸಿ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಹೋಗಿ ಹಾಗೇ ಮುಚ್ಚಿ ಹೊರಬಂದರೆ ಆ ಸೆಷನ್ನಿನ ಪರದೆ ಲಾಕ್ ಆಗಿ ಕೀಗಳು ಎಲ್ಲಿಗೂ ತಲುಪವು. ಟಿಎಸ್‌ಕಾನ್ ಆಜ್ಞೆಯಿಂದ ಸೆಷನ್ನನ್ನು ಕನ್ಸೋಲಿಗೆ ಹಿಂತಿರುಗಿಸಬೇಕು, ಇಲ್ಲವೇ ಕನ್ಸೋಲನ್ನೇ ಹಂಚಿಕೊಳ್ಳುವ ವಿಎನ್‌ಸಿಯಂಥದ್ದನ್ನು ಬಳಸಬೇಕು. ಹಳೇ ಪ್ರೋಗ್ರಾಮ್ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದ್ದರೆ ವರ್ಕರೂ ಹಾಗೇ ಓಡಬೇಕು. ಕೆಳ ಹಂತದ ಪ್ರೋಗ್ರಾಮ್ ಕಳಿಸುವ ಕೀಗಳನ್ನು ವಿಂಡೋಸ್ ಸದ್ದಿಲ್ಲದೆ ತಡೆಯುತ್ತದೆ, ಎರರ್ ಕೂಡ ಬರುವುದಿಲ್ಲ.

ವರ್ಕರಿಗೆಂದು ಬೇರೆ ವಿಂಡೋಸ್ ಬಳಕೆದಾರನನ್ನು ಮಾಡುವುದು ಒಳ್ಳೆಯದು, ಆದರೆ ಅದರಲ್ಲಿ ಎರಡು ಹೊಂಡಗಳಿವೆ. ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನೊಳಗೇ ಡೇಟಾ ಇಡುವ ಹಳೇ ಪ್ರೋಗ್ರಾಮು ಅಲ್ಲಿ ಬರೆಯಲು ಹೋದಾಗ ವಿಂಡೋಸ್ ಅದನ್ನು ಆಯಾ ಬಳಕೆದಾರನ ವರ್ಚುವಲ್‌ಸ್ಟೋರ್ ಅನ್ನುವ ಫೋಲ್ಡರಿಗೆ ತಿರುಗಿಸಿರುತ್ತದೆ. ಗುಮಾಸ್ತರ ಲಾಗಿನ್ನಿನಲ್ಲಿ ಇವತ್ತಿನವರೆಗಿನ ಲೆಕ್ಕ, ಹೊಸ ಬಳಕೆದಾರನ ಲಾಗಿನ್ನಿನಲ್ಲಿ ಇನ್‌ಸ್ಟಾಲ್ ಮಾಡಿದ ದಿನದ ಖಾಲಿ ಫೈಲು. ಡೇಟಾ ಇರುವ ನಿಜವಾದ ಜಾಗ ಯಾವುದು ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಎರಡನೆಯದು ತಾರೀಖಿನ ನಮೂನೆ. ಅದು ಬಳಕೆದಾರನಿಂದ ಬಳಕೆದಾರನಿಗೆ ಬೇರೆ. ಹೊಸ ಬಳಕೆದಾರನಿಗೆ ಅಮೆರಿಕದ ನಮೂನೆ ಬಂದಿದ್ದರೆ ಏಪ್ರಿಲ್ 5 ಎಂದು ಕೊಟ್ಟದ್ದು ಮೇ 4 ಆಗುತ್ತದೆ. 13ನೇ ತಾರೀಖಿನಿಂದ ಮುಂದೆ ಎಲ್ಲಾ ಸರಿ ಕಾಣುತ್ತದೆ, ಯಾಕೆಂದರೆ 13ನೇ ತಿಂಗಳು ಇಲ್ಲವಾದ್ದರಿಂದ ವಿಬಿ6 ತಾನೇ ತಿರುಗಿಸಿ ಓದಿಕೊಳ್ಳುತ್ತದೆ. ಪರೀಕ್ಷೆಯನ್ನು ತಿಂಗಳ ಮೊದಲ ಹನ್ನೆರಡು ದಿನಗಳ ತಾರೀಖುಗಳಲ್ಲೇ ಮಾಡಿ.

ವೆಬ್ ಕಡೆಯ ಭಾಗ ಸಣ್ಣದು. ವೇಬ್ರಿಜ್ ಮೇಲೆ ಒಂದು ಸಲಕ್ಕೆ ಒಂದೇ ಲಾರಿ ನಿಲ್ಲುವ ಹಾಗೆ ಈ ಪರದೆಯ ಮೇಲೂ ಒಂದು ಸಲಕ್ಕೆ ಒಂದೇ ಪಟ್ಟಿ. ಬಂದ ಕೋರಿಕೆಯನ್ನು ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸ್ ಫೈಲಿನ ಸರದಿಗೆ ಸೇರಿಸಿ, 202 (ಕೋರಿಕೆ ಸ್ವೀಕರಿಸಿದೆ, ಕೆಲಸ ಇನ್ನೂ ಮುಗಿದಿಲ್ಲ) ಅನ್ನುವ ಉತ್ತರದ ಜೊತೆ ಒಂದು ಕೆಲಸದ ಸಂಖ್ಯೆ ಕೊಟ್ಟುಬಿಡಬೇಕು. ಕೇಳಿದವರು ಆಮೇಲೆ ಬಂದು ಆ ಸಂಖ್ಯೆಯ ಸ್ಥಿತಿ ಕೇಳುತ್ತಾರೆ. ಒಂದು ಪಟ್ಟಿಗೆ 12 ಸೆಕೆಂಡ್ ಹಿಡಿದರೂ ಗಂಟೆಗೆ 300 ಪಟ್ಟಿ, ಮೆಕ್ಕೆಜೋಳದ ಸುಗ್ಗಿಯಲ್ಲೂ ಒಂದು ಅಂಗಡಿಗೆ ಅದು ಧಾರಾಳ.

ಸ್ಥಿತಿಗಳು ನಾಲ್ಕು: ಕಾಯುತ್ತಿದೆ, ನಡೆಯುತ್ತಿದೆ, ಮುಗಿದಿದೆ, ಸಂಶಯದಲ್ಲಿದೆ. ನಾಲ್ಕನೆಯದಕ್ಕೆ ಇಡೀ ವ್ಯವಸ್ಥೆಯಲ್ಲೇ ಹೆಚ್ಚು ಬೆಲೆ. ಸೇವ್ ಕೀ ಒತ್ತಿ ಆಯಿತು, ಪಟ್ಟಿ ಸಂಖ್ಯೆ ಇನ್ನೂ ಓದಿಲ್ಲ, ಅಷ್ಟರಲ್ಲಿ ಕರೆಂಟ್ ಹೋಯಿತು. ಪಟ್ಟಿ ಉಳಿಯಿತೋ ಇಲ್ಲವೋ? ಇಲ್ಲಿ ತಾನಾಗಿ ಮತ್ತೆ ಪ್ರಯತ್ನಿಸುವ ಹಾಗೆ ಬರೆದರೆ ಒಬ್ಬರೇ ರೈತರ ಒಂದೇ ಲಾಟಿಗೆ ಎರಡು ಪಟ್ಟಿ ಬೀಳುತ್ತದೆ. ಇದಕ್ಕೆ ಉಪಾಯ, ಪ್ರತಿ ಕೋರಿಕೆಗೂ ಬದಲಾಗದ ಒಂದು ಗುರುತು. ತೂಕದ ಚೀಟಿಯ ಸಂಖ್ಯೆ ಮತ್ತು ತಾರೀಖು ಸೇರಿಸಿ ಮಾಡಬಹುದು. ಆ ಗುರುತನ್ನು ಹಳೇ ಪ್ರೋಗ್ರಾಮಿನ ಷರಾ ಕಾಲಮ್ಮಿನಲ್ಲೇ ಬರೆಸಿ. ಸಂಶಯ ಬಂದಾಗ ವರ್ಕರ್ ಮೊದಲು ಡಿಬಿಎಫ್‌ನಲ್ಲಿ ಆ ಷರಾ ಹುಡುಕುತ್ತದೆ. ಸಿಕ್ಕರೆ ಮುಗಿದಿದೆ. ಸಿಗದಿದ್ದರೂ ಫೈಲ್ ಮುಚ್ಚಿ ತೆರೆದು ಇನ್ನೊಮ್ಮೆ ನೋಡಿ, ಆಮೇಲೂ ಇಲ್ಲದಿದ್ದರೆ ಮಾತ್ರ ಮನುಷ್ಯರನ್ನು ಕೇಳಿ ಮತ್ತೆ ಹಾಕಬೇಕು. ಮಾಮೂಲಿ ದಿನದಲ್ಲೂ ಪ್ರತಿ ಪಟ್ಟಿ ಉಳಿದಮೇಲೆ ಕೊಟ್ಟ ತೂಕ, ದರ, ಚೀಲ ಮೂರನ್ನೂ ಡಿಬಿಎಫ್‌ನಿಂದ ವಾಪಸ್ ಓದಿ ತಾಳೆ ನೋಡದೆ "ಮುಗಿದಿದೆ" ಅನ್ನಬಾರದು.

ವೇಬ್ರಿಜ್ ತೂಕವನ್ನು ನೇರ ತರುವ ಆಸೆ ಇದ್ದರೆ ಒಂದು ವಿಷಯ. ತೂಕ ತೋರಿಸುವ ಇಂಡಿಕೇಟರ್ ಸೀರಿಯಲ್ ತಂತಿಯಲ್ಲಿ ತೂಕ ಕಳಿಸುತ್ತದೆ, ಆ ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ತೆರೆಯಬಹುದು. ಹಳೇ ತೂಕದ ಪ್ರೋಗ್ರಾಮ್ ಹಿಡಿದಿದ್ದರೆ ನಿಮಗೆ ಸಿಗದು. ಪೋರ್ಟನ್ನು ಹಂಚುವ ಸಾಫ್ಟ್‌ವೇರ್ ಹಾಕಿ, ಇಲ್ಲವೇ ಆ ಪ್ರೋಗ್ರಾಮಿನ ಫೈಲಿನಿಂದ ಓದಿ.

ಕನ್ನಡದ ಹೆಸರುಗಳ ಕಷ್ಟವೇ ಬೇರೆ. ಈ ಪ್ರೋಗ್ರಾಮುಗಳಲ್ಲಿ ಕನ್ನಡ ಇರುವುದು ನುಡಿಯಂಥ ಹಳೇ ಫಾಂಟಿನ ಸಂಕೇತದಲ್ಲಿ, ಯೂನಿಕೋಡ್ ಅಲ್ಲ. ಅಲ್ಲಿ ಅಕ್ಷರದ ಬದಲು ಅಕ್ಷರದ ತುಂಡುಗಳನ್ನು, ಕಣ್ಣಿಗೆ ಕಾಣುವ ಕ್ರಮದಲ್ಲಿ ಇಟ್ಟಿರುತ್ತಾರೆ. "ಮೆಕ್ಕೆಜೋಳ" ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ಇದು ಮ, ಎತ್ವ, ಕ, ಹಲಂತ, ಕ, ಎತ್ವ, ಜ, ಓತ್ವ, ಳ ಅಂತ ಒಂಬತ್ತು ಸಂಕೇತ. ನುಡಿಯಲ್ಲಿ ಹನ್ನೆರಡು ಬೈಟು, ಮತ್ತು ಕ್ರಮವೇ ಬೇರೆ: "ಕ್ಕೆ"ಯಲ್ಲಿ ಮೊದಲು ಕ, ಆಮೇಲೆ ಎತ್ವ, ಕೊನೆಗೆ ಒತ್ತಕ್ಷರ. ಮ ಅನ್ನುವ ಅಕ್ಷರ ಅಲ್ಲಿ ಒಂದಾಗಿ ಇಲ್ಲವೇ ಇಲ್ಲ, ವ ಅಕ್ಷರದ ಒಡಲು, ತಲೆಕಟ್ಟು, ಕೊಂಬು ಮೂರು ಸೇರಿ ಮ. ಕೊನೆಯ ಕೊಂಬು ಬೇರೆ ನಮೂನೆಯದಾದರೆ ಅದೇ "ವು". "ಚಿತ್ರದುರ್ಗ"ದ ಅರ್ಕಾವೊತ್ತು ನುಡಿಯಲ್ಲಿ ಗ ಆದಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ರ, ಹಲಂತ ಎರಡೂ ಗ ಅಕ್ಷರಕ್ಕಿಂತ ಮುಂಚೆ. ಆದ್ದರಿಂದ ಬೈಟಿಗೆ ಬೈಟು ಬದಲಿಸುವ ಕೋಷ್ಟಕ ಸಾಲದು. ಉದ್ದದ ಜೋಡಣೆಗಳನ್ನು ಮೊದಲು ಹೊಂದಿಸಿ, ಆಮೇಲೆ ಒತ್ತು ಮತ್ತು ಸ್ವರಚಿಹ್ನೆಗಳ ಜಾಗ ಅದಲುಬದಲು ಮಾಡುವ ಪರಿವರ್ತಕ ಬೇಕು. ಶ್ರೀಲಿಪಿಯದ್ದಾದರೆ ಸಂಕೇತಗಳೇ ಬೇರೆ, ಆದ್ದರಿಂದ ಮೊದಲು ಪ್ರೋಗ್ರಾಮ್ ಬಳಸುವ ಫಾಂಟಿನ ಹೆಸರು ತಿಳಿದುಕೊಳ್ಳಿ.

ವಾಪಸ್ ಬರೆಯುವಾಗ ಉದ್ದ ನೋಡಬೇಕು. ಹೆಸರಿಗೆ 25 ಬೈಟ್ ಇಟ್ಟಿದ್ದರೆ "ಮಲ್ಲಿಕಾರ್ಜುನಪ್ಪ" ಒಂದಕ್ಕೇ ಬಹುಪಾಲು ಹೋಗುತ್ತದೆ, ಮುಂದಿನ ಹೆಸರು ಅಕ್ಷರದ ನಡುವೆ ತುಂಡಾಗಿ ಒತ್ತು ಕಳೆದುಕೊಳ್ಳುತ್ತದೆ. ರೈತರನ್ನು ಗುರುತಿಸಲು ಹೆಸರು ಬಳಸಬೇಡಿ, ಖಾತೆ ಸಂಖ್ಯೆ ಬಳಸಿ. ನುಡಿಯ ಕೀಬೋರ್ಡ್ ಚಾಲೂ ಇದ್ದರೆ ವರ್ಕರ್ ಒತ್ತುವ ಇಂಗ್ಲಿಷ್ ಕೀಗಳೂ ಕನ್ನಡದ ತುಂಡುಗಳಾಗುತ್ತವೆ, ಅದನ್ನು ಆ ಲಾಗಿನ್ನಿನಲ್ಲಿ ಆರಿಸಿಡಿ. ವಿಂಡೋಸಿನ ಭಾಷಾ ಸೆಟ್ಟಿಂಗಿನಲ್ಲಿ "ಯೂನಿಕೋಡ್ ಯುಟಿಎಫ್-8 ಬಳಸು" ಅನ್ನುವ ಬೀಟಾ ಆಯ್ಕೆಯನ್ನು ಯಾರಾದರೂ ಒಳ್ಳೆಯದೆಂದು ಗುರುತು ಮಾಡಿದರೆ ಹಳೇ ಪ್ರೋಗ್ರಾಮಿನ ಕನ್ನಡ ಪೂರ್ತಿ ಕೆಡುತ್ತದೆ. ಆ ಸ್ಥಿತಿಯಲ್ಲಿ ಉಳಿಸಿದ ಹೆಸರುಗಳು ಆಮೇಲೆ ಸೆಟ್ಟಿಂಗ್ ತಿರುಗಿಸಿದರೂ ಸರಿಯಾಗವು.

ವಿಳಾಸದ ಬಗ್ಗೆ ಈ ಭಾಗದವರಿಗೆ ಮಾತ್ರ ಬರುವ ಒಂದು ತೊಡಕು ಇದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಹಳೇ ದಾಖಲೆಯಲ್ಲಿ ಹರಿಹರ, ಜಗಳೂರಿನವರ ಜಿಲ್ಲೆ ಚಿತ್ರದುರ್ಗ, ಚನ್ನಗಿರಿ, ಹೊನ್ನಾಳಿಯವರದು ಶಿವಮೊಗ್ಗ. ಹರಪನಹಳ್ಳಿಯವರು ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯವರು. ಪ್ರೋಗ್ರಾಮಿನೊಳಗಿನ ಜಿಲ್ಲೆಯನ್ನು ತಿದ್ದಲು ಹೋಗದೆ, ತಾಲ್ಲೂಕು ನೋಡಿ ಇಂದಿನ ಜಿಲ್ಲೆ ಹೇಳುವ ಕೋಷ್ಟಕವನ್ನು ಹೊರಗಿನ ಸರ್ವಿಸ್‌ನಲ್ಲಿ ಇಟ್ಟುಕೊಳ್ಳುವುದು ಸುಲಭ.

ಈ ಸರ್ವಿಸನ್ನು ನೇರ ಇಂಟರ್ನೆಟ್ಟಿಗೆ ತೆರೆಯಬಾರದು. ಅದು 127.0.0.1 ವಿಳಾಸದಲ್ಲಿ, ಅಂದರೆ ಅದೇ ಕಂಪ್ಯೂಟರಿನೊಳಗಿನಿಂದ ಬಂದ ಕೋರಿಕೆಯನ್ನು, ಮಾತ್ರ ಕೇಳಲಿ. ಹೊರಗಿನ ಸರ್ವರಿನಲ್ಲಿ ಒಂದು ಸರದಿ ಇಟ್ಟು, ಅಂಗಡಿಯ ಕಂಪ್ಯೂಟರೇ ಐದು ಸೆಕೆಂಡಿಗೊಮ್ಮೆ ಹೋಗಿ "ಕೆಲಸ ಇದೆಯೇ" ಅಂತ ಕೇಳಿ ತರುವ ಹಾಗೆ ಮಾಡಿದರೆ ರೂಟರಿನಲ್ಲಿ ಪೋರ್ಟ್ ತೆರೆಯುವ ಗೋಜೇ ಇಲ್ಲ. ಊರಿನ ಎಷ್ಟೋ ಬ್ರಾಡ್‌ಬ್ಯಾಂಡ್ ಸಂಪರ್ಕಗಳಿಗೆ ಸ್ವಂತ ಐಪಿ ವಿಳಾಸ ಇರುವುದಿಲ್ಲ, ಹಾಗಾಗಿ ಬೇರೆ ದಾರಿಯೂ ಕಮ್ಮಿ. ಡಾಸ್ ಕಾಲದ ಕ್ಲಿಪ್ಪರ್ ಪ್ರೋಗ್ರಾಮು 64-ಬಿಟ್ ವಿಂಡೋಸಿನಲ್ಲಿ ಓಡದು, ಅದಕ್ಕೆ ಡಾಸ್‌ಬಾಕ್ಸ್ ಬೇಕು, ಆಗ ಪರದೆಯ ಮಾತು ಬಿಟ್ಟು ಡಿಬಿಎಫ್ ಮತ್ತು ಪ್ರಿಂಟರಿನ ದಾರಿಯಷ್ಟೇ ಹಿಡಿಯಿರಿ.

ಕೊನೆಯದಾಗಿ ಕರೆಂಟು. ಯುಪಿಎಸ್ ಇರಲೇಬೇಕು, ಅದರ ಯುಎಸ್‌ಬಿ ತಂತಿ ಕಂಪ್ಯೂಟರಿಗೆ ಸಿಕ್ಕಿಸಿರಬೇಕು. ಬ್ಯಾಟರಿಗೆ ಬಂದ ಸುದ್ದಿ ತಿಳಿದ ಕೂಡಲೇ ವರ್ಕರ್ ಕೈಯಲ್ಲಿರುವ ಪಟ್ಟಿ ಮುಗಿಸಿ, ಹೊಸದು ತೆಗೆದುಕೊಳ್ಳದೆ, ಹಳೇ ಪ್ರೋಗ್ರಾಮನ್ನು ಅದರದೇ ಮೆನುವಿನಿಂದ ಮುಚ್ಚಬೇಕು. ಫಾಕ್ಸ್‌ಪ್ರೊವನ್ನು ನಡುವೆ ಕಿತ್ತರೆ ಮುಂದಿನ ಸಲ ಇಂಡೆಕ್ಸು ಟೇಬಲ್ಲಿಗೆ ಹೊಂದುತ್ತಿಲ್ಲ ಅನ್ನುವ 114ನೇ ಎರರ್ ಬರಬಹುದು. ಪ್ರೋಗ್ರಾಮಿನ ರೀಇಂಡೆಕ್ಸ್ ಮೆನು ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಆದರೆ ಅದಕ್ಕೆ ಮುಂಚೆ ಡೇಟಾ ಫೋಲ್ಡರಿನ ನಕಲು ತೆಗೆಯಿರಿ. ಕರೆಂಟ್ ಬಂದು ಕಂಪ್ಯೂಟರ್ ಏಳುವಾಗಿನ ಕ್ರಮ ಹೀಗಿರಲಿ: ಮೊದಲು ಡೇಟಾ ಫೋಲ್ಡರಿನ ನಕಲು, ಆಮೇಲೆ ಹಳೇ ಪ್ರೋಗ್ರಾಮ್, ಅದರ ಮೊದಲ ಪರದೆ ಬಂದದ್ದು ಖಾತ್ರಿಯಾದ ಮೇಲೆ ವರ್ಕರ್. ವರ್ಕರ್ ಎದ್ದ ಕೂಡಲೇ "ನಡೆಯುತ್ತಿದೆ" ಎಂದು ಉಳಿದಿರುವ ಕೆಲಸವನ್ನು "ಸಂಶಯದಲ್ಲಿದೆ" ಎಂದು ಬದಲಿಸಿ, ಷರಾ ಹುಡುಕಿ, ಅದು ಇತ್ಯರ್ಥ ಆಗುವವರೆಗೆ ಹೊಸ ಪಟ್ಟಿ ಮುಟ್ಟಬಾರದು.